ಮೀನು ಎಳೆದತ್ತ

ಮಳವಳ್ಳಿಯ ಆಚೆ, ಕಾವೇರಿಯಲ್ಲಿ ಗಾಳ ಹಾಕಲು ಬರುವ ಇಂಗ್ಲಿಷ್ ದೊರೆಗಳಿಗೆ ಜಾಗ ತೋರಿಸುತ್ತಿದ್ದವನು ಒಬ್ಬ ಅಂಬಿಗ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಂಥ ಒಬ್ಬ ದೊರೆಯ ದುಭಾಷಿಯಾಗಿ ನಾನೂ ಒಮ್ಮೆ ಅವನ ಹರಿಗೋಲು ಹತ್ತಿದ್ದೆ. ರಾಗಿಮುದ್ದೆಯ ಉಂಡೆಯನ್ನು ಮೂಸಿ ನೋಡಿಯೇ ಗಾಳಕ್ಕೆ ಮೆತ್ತುತ್ತಿದ್ದ. ತಾನು ಮಾತ್ರ ಗಾಳ ಹಿಡಿಯುತ್ತಿರಲಿಲ್ಲ.

ದೊಡ್ಡ ಮೀನು ಕಚ್ಚಿದರೆ ಹುಟ್ಟು ಮೇಲೆತ್ತಿ, ಅದು ಸುಸ್ತಾಗುವವರೆಗೆ ಹರಿಗೋಲನ್ನು ಎಳೆಯಲು ಬಿಡುವುದು ಅವನ ಪದ್ಧತಿ. "ಓಗ್ಲಿ ಬುಡಿ ಬುದ್ಧಿ" ಎನ್ನುತ್ತಿದ್ದ.

ಅಂದು ದೊರೆಯ ಗಾಳ ಕಚ್ಚಿದ ಮೀನು ನಮ್ಮನ್ನು ಬಂಡೆಗಳ ನಡುವಿನ ಸೆಳವಿನತ್ತ ಎಳೆಯಿತು. ಹರಿಗೋಲು ಬುಗುರಿಯಂತೆ ತಿರುಗಿತು. ಈಗಲೂ ಬಚ್ಚಲಲ್ಲಿ ನೀರು ಸುರಿದರೆ ಆ ಮೊರೆತ ಕೇಳಿಸಿ, ನನ್ನ ಕೈ ಹರಿಗೋಲಿನ ಅಂಚು ಹುಡುಕುತ್ತದೆ.

"ದಾರ ಕುಯ್ಯೋ!" ಎಂದು ಕಿರುಚಿದೆ.

"ಓಗ್ಲಿ ಬುಡಿ ಬುದ್ಧಿ. ಅದ್ಕಿನ್ನೂ ಸುಸ್ತಾಗಿಲ್ಲ." ಅವನು ನಗುತ್ತಿದ್ದ.

ಬಂಡೆ ಕೈಗೆಟುಕುವಷ್ಟು ಹತ್ತಿರವಾದಾಗ ದಾರ ತಾನಾಗಿ ತುಂಡಾಯಿತು. ಅವನು ಹುಟ್ಟನ್ನು ಬಂಡೆಗೆ ಊರಿ ನಮ್ಮನ್ನು ದಡದ ಕಡೆಗೆ ತಳ್ಳಿದ.

ಮರಳಿನ ಮೇಲೆ ಕುಳಿತು ಅವನಿಗೆ ಹೇಳಿದೆ: "ಈ ಸಾವಿನ ಕೆಲಸ ಬಿಡಯ್ಯ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಗೆ ಸೇರಿಸ್ತೀನಿ."

ಅವನು ನದಿಯಿಂದ ಕಣ್ಣು ತೆಗೆಯದೆ ಕೇಳಿದ: "ಕಾರ್ಖಾನೇಲಿ ಇಂಗೆ ನಮ್ಮುನ್ನ ಎಳ್ಕಂಡೋಗೋದು ಏನದೆ ಬುದ್ಧಿ?"