ಹೊಸಿಲು ದಾಟದ ಮಣ್ಣಪ್ಪ

ಟೈಲರಮ್ಮನವರನ್ನು ನಾನು ಮೊದಲು ಕಂಡದ್ದು ತೂತು ಬಿದ್ದ ಜೇಬಿನ ದೆಸೆಯಿಂದ. ಆಗಷ್ಟೇ ವರ್ಗವಾಗಿ ಬಂದಿದ್ದೆ. ಸೀಮೆಸುಣ್ಣದ ತುಂಡುಗಳನ್ನು ಕೋಟಿನ ಜೇಬಿಗೆ ಹಾಕಿಕೊಳ್ಳುವ ಚಾಳಿ ನನ್ನದು. ಅಂದು ಶಾಲೆಯಿಂದ ಬರುವ ದಾರಿಯುದ್ದಕ್ಕೂ ಅವು ಒಂದೊಂದಾಗಿ ಉದುರಿದ್ದವು. ಬೇಕರಿಯ ಪಕ್ಕದ ಒಂದೇ ಕೋಣೆಯ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಹೆಂಗಸು ಕೋಟನ್ನು ತಿರುವಿ ನೋಡಿದರು. ಜೇಬಿನೊಳಗಿನ ಬಿಳಿಯ ಪುಡಿಯನ್ನು ಬೆರಳಿನಿಂದ ಒರೆಸಿ, ಬಟ್ಟೆಗೆ ಗುರುತು ಹಾಕುವ ತಮ್ಮ ಚಾಕಿನ ಬಿಲ್ಲೆಯನ್ನು ಎತ್ತಿ ತೋರಿಸಿದರು.

"ನೀವೂ ಸುಣ್ಣದವರೇ, ನಾನೂ ಸುಣ್ಣದವಳೇ. ನಾನು ಗೆರೆ ಎಳೆದ್ರೆ ಕತ್ತರಿ ಅದರ ಮೇಲೇ ಹೋಗುತ್ತೆ. ನಿಮ್ಮ ಹುಡುಗರು ಹೋಗ್ತಾರಾ, ಮೇಷ್ಟ್ರೇ?"

ಅಂದಿನಿಂದ ಪರಿಚಯ. ಅವರ ಮನೆ ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಯಜಮಾನರು ಆ ಬೇಕರಿಯಲ್ಲಿ ಒಲೆಯ ಕೆಲಸದವರು. ನಸುಕಿನಲ್ಲೇ ಹೋಗಿ ಊಟದ ಹೊತ್ತಿಗೆ ಮನೆ ಸೇರಿಬಿಡುತ್ತಿದ್ದರು. ಟೈಲರಮ್ಮ ಅಂಗಡಿ ಮುಚ್ಚಿ ಬರುವುದು ದೀಪ ಹಾಕುವ ಹೊತ್ತಿಗೆ. ಮಕ್ಕಳಿರಲಿಲ್ಲ. ಮನೆಯ ಒಳಗೆಲ್ಲ ಹೆಂಡತಿಯ ಪಾರುಪತ್ಯ, ಹಿತ್ತಲು ಗಂಡನ ಪಾಲು. ಹಿತ್ತಲಲ್ಲಿ ಹುರುಳಿಕಾಯಿಯ ಬಳ್ಳಿ, ಟೊಮ್ಯಾಟೊ, ಒಂದು ನಿಂಬೆಗಿಡ, ಒಂದು ಕಂದು ಬಣ್ಣದ ನಾಯಿ.

ನಾಯಿ ಮರಿಯಾಗಿದ್ದಾಗ ಒಂದು ಅನಾಹುತ ಮಾಡಿತ್ತು. ಟೈಲರಮ್ಮ ರಾತ್ರಿಯ ಕೆಲಸಕ್ಕೆಂದು ಅಂಗಡಿಯಿಂದ ಬಟ್ಟೆ ತಂದು ನೆಲದ ಮೇಲೆ ಹರಡುತ್ತಿದ್ದರು. ಹಾಗೆ ಕತ್ತರಿಸಿ ಇಟ್ಟಿದ್ದ ಬಿಳಿ ಷರ್ಟಿನ ಬೆನ್ನಿನ ಮೇಲೆ ಅದು ಹಿತ್ತಲಿನ ಕೆಸರುಗಾಲಿನಲ್ಲಿ ನಡೆದುಹೋಯಿತು. ಎಷ್ಟು ಒಗೆದರೂ ಕಲೆ ಹೋಗಲಿಲ್ಲ. ಗಿರಾಕಿಗೆ ಮುಖ ತೋರಿಸುವುದು ಹೇಗೆಂದು ಆಕೆ ಅತ್ತಿದ್ದರಂತೆ. ಮಾರನೆಯ ದಿನದಿಂದಲೇ ಅಳತೆಕೋಲು ಹಿಡಿದು ಹಿಂಬಾಗಿಲಲ್ಲಿ ಕುಳಿತರು. ಮರಿ ಹೊಸಿಲ ಮೇಲೆ ಕಾಲಿಟ್ಟರೆ ಕೋಲಿನಿಂದ ಹೊಸಿಲನ್ನು ಟಪ್ಪೆಂದು ಬಡಿಯುವುದು. ಮರಿಯನ್ನು ಒಮ್ಮೆಯೂ ಹೊಡೆಯಲಿಲ್ಲ, ಆದರೆ ಪಾಠ ಎದೆಗೆ ನಾಟಿತು. ಗಂಡನಿಗೂ ಅದೇ ಕಾನೂನು: ಕಾಲು ತೊಳೆಯದೆ ಒಳಗೆ ಬರಕೂಡದು. ಗಂಡನಿಗೆ ದೊಡ್ಡ ಮಣ್ಣಪ್ಪ, ನಾಯಿಗೆ ಚಿಕ್ಕ ಮಣ್ಣಪ್ಪ ಎಂದು ಹೆಸರು ಕಟ್ಟಿದ್ದರು. ದೊಡ್ಡವರು ಕಾಲು ತೊಳೆಯುತ್ತಾ, "ನೋಡಿ ಮೇಷ್ಟ್ರೇ, ಒಂದೇ ಗೂಟಕ್ಕೆ ಇಬ್ಬರನ್ನ ಕಟ್ಟಿದ್ದಾಳೆ" ಎಂದು ನಗುತ್ತಿದ್ದರು.

ಒಂದು ಬೆಳಗ್ಗೆ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಯಜಮಾನರು ಸುಸ್ತೆಂದು ಮೂಟೆಗೆ ಒರಗಿ ಕುಳಿತರು, ಮತ್ತೆ ಏಳಲಿಲ್ಲ. ಪಕ್ಕದ ಅಂಗಡಿಯಿಂದ ಟೈಲರಮ್ಮ ಓಡಿ ಬಂದಾಗ ಆಕೆಯ ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು.

ಟೈಲರಮ್ಮನವರ ತಂಗಿ ಬಂದು ಕೆಲವು ವಾರ ಜೊತೆಗಿದ್ದಳು. ಹೊರಡುವ ಮುಂಚೆ ನನ್ನೆದುರಿಗೇ, "ಅಕ್ಕ, ನಾಯಿನ ಯಾರಿಗಾದ್ರೂ ಕೊಟ್ಬಿಡು. ಹಿತ್ತಲಿಗೆ ಕಲ್ಲು ಹಾಸಿಸು. ನಿನಗೆ ಮಣ್ಣು ಕಂಡ್ರೆ ಮೊದಲೇ ಆಗಲ್ಲ" ಎಂದಳು.

"ಇರಲಿ ಬಿಡೇ. ಬೈಯೋಕೆ ಮನೇಲಿ ಏನಾದ್ರೂ ಬೇಕಲ್ಲ" ಎಂದರು ಅಕ್ಕ.

ಆದರೆ ಬೈಯಲು ಕಾರಣವೇ ಸಿಗಲಿಲ್ಲ. ನೀರು ಕಾಣದ ಹಿತ್ತಲು ಒಣಗಿ ಬಿರಿಯಿತು. ಬೆಳಗ್ಗೆ ಒರೆಸಿದ ನೆಲ ಸಂಜೆಗೂ ಹಾಗೆಯೇ ಹೊಳೆಯುತ್ತಿತ್ತು. ಆ ಹೊಳಪನ್ನು ಕಂಡರೆ ಮೈಮೇಲೆ ಮುಳ್ಳೇಳುತ್ತದೆ ಎಂದು ಒಮ್ಮೆ ಹೇಳಿಕೊಂಡರು. ಒಂಟಿ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಇರಲಿ ಎಂದು ಅವರಿಗೆ ನಾಯಿಯನ್ನು ಒಳಗೆ ಕರೆದುಕೊಳ್ಳುವ ಆಸೆಯಾಯಿತು. ಹಿಂಬಾಗಿಲು ತೆರೆದಿಟ್ಟು ಕರೆದರು. ಬ್ರೆಡ್ಡಿನ ಅಂಚನ್ನು ಹೊಸಿಲ ಒಳಗಡೆ ಇಟ್ಟರು. ಮಣ್ಣಪ್ಪ ಹೊಸಿಲವರೆಗೆ ಬರುತ್ತಿದ್ದ, ಬ್ರೆಡ್ಡನ್ನು ನೋಡುತ್ತಿದ್ದ, ಅವರ ಮುಖ ನೋಡುತ್ತಿದ್ದ, ಅಲ್ಲಿಯೇ ಕುಳಿತುಬಿಡುತ್ತಿದ್ದ. ಅಳತೆಕೋಲನ್ನು ಕಣ್ಣಿಗೆ ಬೀಳದಂತೆ ಅಂಗಡಿಗೆ ಸಾಗಿಸಿದರೂ ಅಷ್ಟೇ.

"ಜೀವಮಾನದಲ್ಲಿ ಒಬ್ಬನಿಗೇ ಪಾಠ ಹೇಳಿದ್ದು ನಾನು. ನಿಮ್ಮ ಹುಡುಗರ ಥರ ಅವನಾದ್ರೂ ಮರೀಬಾರದಾ?" ಎಂದು ನನ್ನನ್ನು ಕೇಳಿದರು.

ಹೀಗಿರುವಾಗ ಒಂದು ಮಧ್ಯಾಹ್ನ ದೊಡ್ಡ ಕತ್ತರಿಯನ್ನು ಮನೆಯಲ್ಲೇ ಮರೆತಿದ್ದೇನೆಂದು ಅವರು ಅಂಗಡಿಯಿಂದ ಮನೆಗೆ ಬಂದರು. ಮುಂಬಾಗಿಲ ಬೀಗ ತೆಗೆದು ಮಲಗುವ ಕೋಣೆಗೆ ಹೋದರೆ, ಮಂಚದ ಕೆಳಗೆ, ಗಂಡ ಮಲಗುತ್ತಿದ್ದ ಮಗ್ಗುಲಿಗೆ, ಮಣ್ಣಪ್ಪ! ಗಂಡ ಯಾವುದಕ್ಕೋ ಎತ್ತಿಟ್ಟದ್ದೆಂದು ಆಕೆ ತಿಳಿದಿದ್ದ ಬೇಕರಿಯ ಹಿಟ್ಟಿನ ಹಳೆಯ ಚೀಲವೊಂದು ನಾಲ್ಕು ಮಡಿಕೆಯಾಗಿ ಹಾಸಿತ್ತು. ಅದರ ಮೇಲೆ ಮೂತಿಯೂರಿ ಮಲಗಿದ್ದ. ಇವರನ್ನು ಕಂಡೊಡನೆ ಎದ್ದು, ನಕಲು ಹೊಡೆದು ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸಿ, ಗೋಡೆಯ ಪಕ್ಕವೇ ಹಾದು ಹಿತ್ತಲಿಗೆ ಹೊರಟುಹೋದ.

ಹಿಂಬಾಗಿಲ ಅಗುಳಿ ಸಡಿಲವಾಗಿತ್ತು. ಮೂತಿಯಿಂದ ನೂಕಿದರೆ ತೆರೆದುಕೊಳ್ಳುತ್ತಿತ್ತು. ಅದನ್ನು ರಿಪೇರಿ ಮಾಡಿಸಿರೆಂದು ಗಂಡನಿಗೆ ಹೇಳಿ ಹೇಳಿ ಆಕೆಗೆ ಸಾಕಾಗಿತ್ತು. ಅವರು ಪ್ರತಿ ಸಲವೂ "ನಾಳೆ" ಎನ್ನುತ್ತಿದ್ದರು. ಆ ನಾಳೆ ಏಕೆ ಬರಲಿಲ್ಲವೆಂಬುದು ಈಗ ತಿಳಿಯಿತು. ಬಾಗಿಲ ಹಿಂದೆ ತೂಗುಹಾಕಿದ್ದ ಒರಟು ಬಟ್ಟೆ ಯಾರ ಕಾಲು ಒರೆಸಲು ಎಂಬುದೂ ತಿಳಿಯಿತು. ಹೆಂಡತಿ ಅಂಗಡಿಯಲ್ಲಿದ್ದ ಮಧ್ಯಾಹ್ನಗಳಲ್ಲೆಲ್ಲ ದೊಡ್ಡ ಮಣ್ಣಪ್ಪ ಮಂಚದ ಮೇಲೆ, ಚಿಕ್ಕ ಮಣ್ಣಪ್ಪ ಮಂಚದ ಕೆಳಗೆ. ಹಿರಿಯರು ಹೋದ ಮೇಲೂ ಕಿರಿಯ ಅದೇ ಹೊತ್ತಿಗೆ ಬಂದು ಮಲಗಿ, ಇವರು ಬರುವಷ್ಟರಲ್ಲಿ ಎದ್ದು ಹೋಗುತ್ತಿದ್ದ. ಒಣಗಿದ ಹಿತ್ತಲು, ಒಣಗಿದ ಕಾಲು ಗುರುತು ಬಿಡುವುದಿಲ್ಲ.

"ಎಷ್ಟು ವರ್ಷ ಇಬ್ಬರೂ ಸೇರ್ಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದ್ದಾರೆ ನೋಡಿ" ಎಂದು ನಗುತ್ತಲೇ ಹೇಳತೊಡಗಿದರು ಟೈಲರಮ್ಮ. ನಡುವೆ ನಗು ನಿಂತಿತು. "ನನಗೆ ಹೇಳಿದ್ರೆ ನಾನು ಬೇಡ ಅಂತಿದ್ನಾ? ಅಂತಿದ್ದೆ, ಬಿಡಿ."

ದುಃಖದ ಸಂಗತಿಯೆಂದರೆ, ಸಿಕ್ಕಿಬಿದ್ದ ಮೇಲೆ ಮಣ್ಣಪ್ಪ ಮಧ್ಯಾಹ್ನವೂ ಒಳಗೆ ಬರುವುದನ್ನು ಬಿಟ್ಟ. ಅಂಗಡಿಗೆ ಹೊರಡುವ ಮುನ್ನ ಅವರು ಚೀಲದ ಮಡಿಕೆಯ ಮೇಲೆ ದಾರದ ಎಳೆಯೊಂದನ್ನು ಇಟ್ಟು ಹೋಗುವರು. ಸಂಜೆ ಬಂದಾಗ ಎಳೆ ಇಟ್ಟ ಹಾಗೆಯೇ ಇರುವುದು. ನಾಯಿ ತಟ್ಟೆಗೂ ಬಾಯಿ ಹಾಕದೆ ನಿಂಬೆಗಿಡದ ಬುಡದಲ್ಲಿ ಬಿದ್ದಿರುವುದು. ಅದಕ್ಕೆ ಯಜಮಾನನ ವಾಸನೆ ಉಳಿದಿದ್ದ ಜಾಗ ಆ ಮಂಚದ ಕೆಳಗಿನದೊಂದೇ, ಅದನ್ನೂ ನಾನೇ ಕಿತ್ತುಕೊಂಡೆ ಎಂಬ ಕೊರಗು ಆಕೆಗೆ ಹತ್ತಿತು.

ಉಪಾಯವನ್ನು ಯಾರೂ ಹೇಳಿಕೊಡಲಿಲ್ಲ. ಅವರು ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬರತೊಡಗಿದರು. ಆದರೆ ಒಳಗೆ ಹೋಗದೆ ಹಿಂಬಾಗಿಲನ್ನು ಓರೆಮಾಡಿ, ಹಿತ್ತಲಲ್ಲಿ ಸ್ಟೂಲು ಹಾಕಿಕೊಂಡು, ಬಾಗಿಲಿಗೆ ಬೆನ್ನು ತಿರುಗಿಸಿ ಗುಂಡಿ ಹಚ್ಚುವ ಕೆಲಸಕ್ಕೆ ಕೂರುತ್ತಿದ್ದರು. ಗುಂಡಿ ಮುಗಿದರೆ ಕೈ ಸುಮ್ಮನಿರಬೇಕಲ್ಲ. ಬಕೆಟ್ಟಿನಲ್ಲಿ ನೀರು ತಂದು ಬುಡಗಳಿಗೆ ಹಾಕಿದರು. ಸತ್ತವೆಂದುಕೊಂಡಿದ್ದ ಬಳ್ಳಿಗಳಲ್ಲಿ ಎರಡು ಚಿಗುರಿದವು. ಯಜಮಾನರು ಹುರಿಯಲ್ಲಿ ಕಟ್ಟುತ್ತಿದ್ದ ಕಡೆಯಲ್ಲೆಲ್ಲ ಈಕೆ ಬಟ್ಟೆಯ ಚೂರುಗಳಲ್ಲಿ ಕಟ್ಟಿದರು: ಕೆಂಪು, ಹಳದಿ, ಚೌಕುಳಿ. ಬೇಲಿಯಾಚೆಯಿಂದ ಹಾಲಿನವನು, "ಏನಮ್ಮಾ, ಬಳ್ಳಿಗೂ ಅಳತೆ ತಗೊಂಡ್ರಾ?" ಎಂದು ಕೇಳಿದ. "ಹೂಂ ಕಣಪ್ಪ, ಇವು ನಿನ್ನ ಹಾಗೆ ಅಳತೆ ಕೊಟ್ಟ ಮೇಲೆ ದಪ್ಪ ಆಗಲ್ಲ" ಎಂದರು.

ನಾಯಿ ಮೊದಮೊದಲು ಅವರ ಸ್ಟೂಲಿನ ಪಕ್ಕ ಬಂದು ಮಲಗುತ್ತಿತ್ತು. ಅದೂ ಸಂತೋಷವೇ, ಆದರೆ ಅವರಿಗೆ ಬೇಕಾಗಿದ್ದದ್ದು ಬೇರೆ. ಒಂದು ಮಧ್ಯಾಹ್ನ ಅದು ಎದ್ದು ಮೈ ಕೊಡವಿಕೊಂಡದ್ದು ಕೇಳಿಸಿತು. ಮುಂದಿನದನ್ನು ಅವರ ಮಾತಿನಲ್ಲೇ ಹೇಳಬೇಕು.

"ಬಾಗಿಲು ಕಿರ್ ಅಂತು. ಒಳಗೆ ಉಗುರಿನ ಸದ್ದು ಟಕ ಟಕ ಅಂತ ಹೋಯ್ತು, ನಿಲ್ತು. ನಾನು ತಿರುಗಲಿಲ್ಲ ಮೇಷ್ಟ್ರೇ. ಸೂಜಿ ಬೆರಳಿಗೆ ಚುಚ್ಚಿ ರಕ್ತ ಬಂತು, ಆದ್ರೂ ತಿರುಗಲಿಲ್ಲ."

ಇದೆಲ್ಲ ನಡೆದು ಎರಡು ಬೇಸಿಗೆ ಕಳೆದಿವೆ. ಮಣ್ಣಪ್ಪ ಇಂದಿಗೂ ಟೈಲರಮ್ಮ ಒಳಗಿದ್ದರೆ ಹೊಸಿಲು ದಾಟುವುದಿಲ್ಲ. ಆದ್ದರಿಂದ ಇತ್ತೀಚೆಗೆ ಅವರು ಕಾಲಲ್ಲಿ ತುಳಿಯುವ ಇನ್ನೊಂದು ಹೊಲಿಗೆ ಯಂತ್ರವನ್ನೇ ಹಿತ್ತಲಿನ ಮಾಡಿನ ಕೆಳಗೆ ತರಿಸಿಕೊಂಡಿದ್ದಾರೆ. ಬೆಳಗ್ಗೆ ಅಂಗಡಿ; ಮಧ್ಯಾಹ್ನವಾದ ಮೇಲೆ ಯಜಮಾನತಿ ಹಿತ್ತಲಿನಲ್ಲಿ, ನಾಯಿ ಮನೆಯಲ್ಲಿ. ಮೊನ್ನೆ ನನ್ನ ಹಳೆಯ ಅಂಗಿಯೊಂದರ ಕಾಲರು ತಿರುಗಿಸಿ ಹೊಲಿಸಲೆಂದು ಹೋಗಿ ಮುಂಬಾಗಿಲು ತಟ್ಟಲು ಕೈ ಎತ್ತಿದ್ದೆ. ಯಂತ್ರದ ಸದ್ದು ನಿಂತು, ಪಕ್ಕದ ಓಣಿಯಿಂದ ಇಣುಕಿದ ಅವರ ದನಿ ತಗ್ಗಿ ಕೇಳಿಸಿತು.

"ಬಡೀಬೇಡಿ ಮೇಷ್ಟ್ರೇ. ಒಳಗೆ ಮಲಗಿದ್ದಾನೆ. ಈ ಕಡೆ ಸುತ್ತಿಕೊಂಡು ಬನ್ನಿ."

ನಾನು ಸುತ್ತಿಕೊಂಡು ಹೋದೆ. ಅವರು ಅಂಗಿ ತೆಗೆದುಕೊಂಡರು, ಆದರೆ ಯಂತ್ರ ತುಳಿಯಲಿಲ್ಲ. ಓರೆಮಾಡಿದ ಬಾಗಿಲ ಕಡೆಗೆ ಕಿವಿಗೊಟ್ಟು, ಮಧ್ಯಾಹ್ನದ ಹೊತ್ತು ತಮ್ಮ ಮನೆಯಲ್ಲಿ ಇಷ್ಟೊಂದು ನೆಮ್ಮದಿ ಇರುತ್ತಿತ್ತೆಂದು ತಮಗೆ ಗೊತ್ತೇ ಇರಲಿಲ್ಲ ಎಂದರು. ಆಮೇಲೆ ಕಾಲರನ್ನು ಕೈಯಲ್ಲೇ ಬಿಚ್ಚತೊಡಗಿದರು, ಎಳೆ ಎಳೆಯಾಗಿ, ಸದ್ದಾಗದಂತೆ.