ಇನ್ನೂ ಬನಿಯನ್ ಐತ್ರಿ

ಮಿರಜದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಘಾನಾ ದೇಶದವನೊಬ್ಬ ಬಾಡಿಗೆಗಿದ್ದ. ಸಾಂಗ್ಲಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ, ಬಾಕ್ಸಿಂಗ್ ಆಡುತ್ತಿದ್ದ. ನಮ್ಮ ಅವ್ವನಿಂದ ಕಲಿತ ಕನ್ನಡದಲ್ಲಿ ಎಲ್ಲರಿಗೂ ‘ರಿ’ ಹಚ್ಚುತ್ತಿದ್ದ. ಬೀದಿನಾಯಿಗೂ “ಬಾಜೂ ಸರೀರಿ” ಅನ್ನುತ್ತಿದ್ದ. ಬೆಳಿಗ್ಗೆ ಅವ್ವನ ಹಳೆ ಸೀರೆಯ ಪಟ್ಟಿಯನ್ನು ಮುಷ್ಟಿಗೆ ಸುತ್ತಿಕೊಂಡು ಗೋಡೆಯ ಮೇಲಿನ ತನ್ನ ನೆರಳಿಗೇ ಗುದ್ದುತ್ತಿದ್ದ.

“ದೊಡ್ಡ ಬಾಕ್ಸರ್ ಯಾವಾಗ ಆಗ್ತೀಯೋ?” ಎಂದು ನಾನು ಕೇಳಿದರೆ ಎದೆ ಮುಟ್ಟಿ, “ಇನ್ನೂ ಬನಿಯನ್ ಐತ್ರಿ” ಅನ್ನುತ್ತಿದ್ದ. ಹವ್ಯಾಸಿಗಳು ಬನಿಯನ್ ಹಾಕಿಯೇ ಆಡಬೇಕು, ಬರಿಮೈಯಲ್ಲಿ ಆಡುವವರು ಹೊಟ್ಟೆಪಾಡಿನವರು. ಅವನ ಆಟದ ಕಾಯಿದೆ ಅದು.

ಒಮ್ಮೆ ಅವನನ್ನು ನಮ್ಮ ಓಣಿಯ ತಾಲೀಮಿಗೆ, ಅಂದರೆ ಗರಡಿಮನೆಗೆ, ಕರೆದೊಯ್ದೆ. ಕುಸ್ತಿಯ ಕೆಂಪು ಮಣ್ಣಿಗೆ ಅಂಗಿ ತೊಟ್ಟು ಇಳಿಯುವಂತಿಲ್ಲ. ಅಲ್ಲಿ ಕಲಿಸುವ ವಸ್ತಾದ ಸಕ್ಕರೆ ಸೊಸೈಟಿಯ ವಾಚ್‌ಮನ್. “ಬನಿಯನ್ ತಗೀ, ಒಳಗ ಬಾ” ಎಂದ.

“ಇನ್ನೂ ಐತ್ರಿ” ಎಂದು ಇವನು ಅಂಚಿನಲ್ಲೇ ನಿಂತ.

“ಮಣ್ಣಿಗೆ ಮೈ ಕೊಡದವ ಎಂಥಾ ಪೈಲ್ವಾನ?” ವಸ್ತಾದ ಮುಖ ತಿರುವಿದ. ಇವನು ಬಗ್ಗಿ, ಮಣ್ಣು ಮುಟ್ಟಿ, ಹಣೆಗೆ ಹಚ್ಚಿಕೊಂಡು ಹೊರಗೆ ಬಂದ.

ಓದು ಮುಗಿಸಿ ತನ್ನ ದೇಶಕ್ಕೆ ಹೋದ ನಾಲ್ಕು ವರ್ಷಕ್ಕೆ ಒಂದು ಫೋಟೋ ಕಳಿಸಿದ. ಬರಿಮೈ, ಕೈಗೆ ಗ್ಲೌಸು, ಒಂದು ಕಣ್ಣು ಬಾತು ಮುಚ್ಚಿತ್ತು. ಹಿಂಬದಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದ: “ಬನಿಯನ್ ಇಲ್ಲರಿ.” ಗೆದ್ದನೋ ಸೋತನೋ ಬರೆದಿರಲಿಲ್ಲ.

ಫೋಟೋ ಒಯ್ದು ವಸ್ತಾದನಿಗೆ ತೋರಿಸಿದೆ. ಅವನು ಚಿಟಿಕೆ ಕೆಂಪು ಮಣ್ಣು ತೆಗೆದು ಫೋಟೋದ ಹೆಗಲಿಗೆ ಹಚ್ಚಿದ. ಯಾರಿಗೂ ‘ರಿ’ ಅನ್ನದ ಮನುಷ್ಯ ಫೋಟೋಕ್ಕೆ ಹೇಳಿದ:

“ಈಗ ಒಳಗ ಬರ್ರಿ.”