ಗಿಟಾರಿಗೂ ಆಯುಧಪೂಜೆ

ನನ್ನ ಎಲೆಕ್ಟ್ರಿಕ್ ಗಿಟಾರನ್ನು ಅಮ್ಮ ಬಹಳ ವರ್ಷ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ, ಆರತಕ್ಷತೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಮನೆ ನಡೆಯುವುದೂ ಅದರಿಂದಲೇ. ಆದರೂ ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಮ್ಮ "ಏನೋ ಮ್ಯೂಸಿಕ್ಕು" ಎಂದು ಮಾತು ತೇಲಿಸಿಬಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ, ಈಳಿಗೆಮಣೆ, ಮಿಕ್ಸಿಗಳ ಪಕ್ಕದಲ್ಲಿ ನನ್ನ ಗಿಟಾರೂ ಗೋಡೆಗೊರಗಿ ಕೂತಿತ್ತು. ಕೊರಳಿಗೆ ಸೇವಂತಿಗೆ ಹಾರ ಬೇರೆ.

"ನಿನ್ ಹೊಟ್ಟೆಪಾಡು ಅಲ್ವೇನೇ ಅದು? ಪೂಜೆ ಬೇಡ್ವಾ?" ಎಂದಳು ಅಮ್ಮ. ನಾನು ಅಡುಗೆಮನೆಗೆ ಹೋಗಿ ಅತ್ತು ಬಂದೆ, ಸುಳ್ಳೇಕೆ ಹೇಳಲಿ.

ಅಮ್ಮ ಯಾವುದನ್ನೂ ಅರ್ಧಂಬರ್ಧ ಮಾಡುವವಳಲ್ಲ. ತಂತಿ ಬಿಗಿಮಾಡುವ ಆರು ಕೀಗಳಿಗೂ ನೀರಲ್ಲಿ ಕಲಸಿದ ವಿಭೂತಿ ಬಳಿದು ಮೇಲೆ ಧಾರಾಳವಾಗಿ ಕುಂಕುಮ ಉದುರಿಸಿದ್ದಳು. ನನ್ನದು ಹಳೆಯ ಗಿಟಾರು. ಕೀಗಳ ಹಿಂದಿನ ಹಲ್ಲುಚಕ್ರಗಳಿಗೆ ಮುಚ್ಚಳವೇ ಇಲ್ಲ. ಒಣಗಿದ ಮೇಲೆ ತಿರುಗಿಸಿದರೆ ಕರಕರ ಸದ್ದು. ಎಣ್ಣೆ ಬಿಟ್ಟೆ, ಎಲ್ಲ ಸೇರಿ ಕೆಂಪು ಗೊಜ್ಜಾಯಿತು. ಹಟಕ್ಕೆ ಬಿದ್ದು ತಿರುಗಿಸಿ ತಿರುಗಿಸಿ ಹಲ್ಲುಗಳನ್ನೂ ಸವೆಸಿದೆ. ಕೊನೆಗೆ ಕೆಂಗೇರಿಯ ಛತ್ರವೊಂದರಲ್ಲಿ ಹಾಡಿನ ಮಧ್ಯೆಯೇ ಶ್ರುತಿ ಜಾರಿತು. ಹಾಡುತ್ತಿದ್ದಾಕೆ ನೋಡಿದ ನೋಟಕ್ಕೆ ಸ್ಟೇಜಿನಿಂದ ಇಳಿದು ಓಡಿಹೋಗೋಣ ಅನ್ನಿಸಿತು.

ಕೀ ಬದಲಾಯಿಸುವುದು ದೊಡ್ಡ ವಿಷಯವಲ್ಲ. ಅಮ್ಮನಿಗೆ ಗೊತ್ತಾಗಬಾರದು, ಅದೇ ನನ್ನ ಭಯ. ತನ್ನ ಪೂಜೆಯಿಂದಲೇ ಹಾಳಾಯಿತೆಂದು ತಿಳಿದರೆ ಅವಳು ಗಿಟಾರಿನ ಹತ್ತಿರ ಮತ್ತೆ ಸುಳಿಯುವುದಿಲ್ಲ. ಇಷ್ಟು ವರ್ಷ ಕಾದು ಸಿಕ್ಕಿದ್ದು ಕೈಬಿಟ್ಟು ಹೋಗುತ್ತದೆ.

ಹಳೆಯ ಕೀ ಒಂದನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ವಿಜಯನಗರದ ಅಂಗಡಿಗೆ ಹೋದೆ.

"ಮಗನಿಗಾ ಮೇಡಂ?" ಎಂದ ಅಂಗಡಿಯವನು.

"ನನಗೇ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಮೊದಲು ಚಿನ್ನದ ಬಣ್ಣದವನ್ನು ತೋರಿಸಿದ. "ಸ್ಟೇಜ್ ಮೇಲೆ ಸಖತ್ತಾಗಿ ಮಿಂಚುತ್ತೆ ಮೇಡಂ." ಮಿಂಚುವ ಕೆಲಸಕ್ಕೆ ಮದುಮಗಳಿರುತ್ತಾಳೆ, ನನಗೆ ಬೇಡ. ಆಮೇಲೆ ತಂತಿಯನ್ನು ತಾನೇ ಕಚ್ಚಿ ಹಿಡಿಯುವಂಥವು. ಅವು ಭಾರ, ಹಾಕಿದರೆ ಗಿಟಾರಿನ ತಲೆ ಕೆಳಗೆ ಜಗ್ಗುತ್ತದೆ. ಮರಕ್ಕೆ ಹೊಸ ತೂತುಗಳನ್ನೂ ಕೊರೆಯಬೇಕು. ಒಂದೊಂದನ್ನೂ ನನ್ನ ಹಳೆಯ ಕೀ ಪಕ್ಕದಲ್ಲಿಟ್ಟು ನೋಡುತ್ತ ಹೋದೆ. ಕೊನೆಗೆ ಹಿಂದೆ ಪೂರ್ತಿ ಮುಚ್ಚಿದ, ಸ್ಕ್ರೂ ತೂತು ಅದೇ ಜಾಗದಲ್ಲಿದ್ದ ಸಾದಾ ಸೆಟ್ಟೊಂದು ಸಿಕ್ಕಿತು.

"ಇದ್ರೊಳಗೆ ಪುಡಿಗಿಡಿ ಹೋಗುತ್ತಾ?"

"ಯಾವ ಪುಡಿ ಮೇಡಂ?"

"ವಿಭೂತಿ."

ಅವನು ನನ್ನ ಮುಖ ನೋಡಿ, "ಇಲ್ಲ, ಫುಲ್ ಸೀಲು" ಎಂದ. ಅವನ್ನೇ ಕಟ್ಟಿಸಿಕೊಂಡೆ.

ಅಮ್ಮ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಜೋಡಿಸಿದೆ. ಎಲ್ಲ ಸರಿಯಾಗಿ ಕೂತು ತಂತಿ ಶ್ರುತಿಯಲ್ಲಿ ನಿಂತಾಗ ಅಬ್ಬಾ ಎಂದು ಉಸಿರು ಬಿಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ. ಪೇಪರಿನ ಮೇಲಿದ್ದ ಹಳೆಯ ಕೀ ಎತ್ತಿಕೊಂಡು ತಿರುಗಿಸಿದಳು. ಬೆರಳು ಕೆಂಪಾಯಿತು. ಅದನ್ನೇ ನೋಡುತ್ತ ನಿಂತಳು. ಮುಗಿಯಿತು ಅಂದುಕೊಂಡೆ.

"ನನ್ ಕೆಲ್ಸಾನೇನೇ ಇದು?"

ನಾನು ತಲೆ ಮಾತ್ರ ಆಡಿಸಿದೆ.

"ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ? ಎಲ್ಲಿ ಹಚ್ಬಾರ್ದು ಅಂತ ತೋರ್ಸು. ಮುಂದಿನ್ ಸಲ ನೋಡ್ಕೊಂಡು ಹಚ್ತೀನಿ."

ಮುಂದಿನ ಸಲ ಎಂದಳಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಅಮ್ಮ ಮಾತ್ರ ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು.

"ಈಗ ಸರಿಹೋಯ್ತಾ? ನುಡ್ಸು, ಕೇಳೋಣ."

ಅವಳು ಹಾಗೆ ಕೇಳಿದ್ದು ಅದೇ ಮೊದಲು. ಗಿಟಾರಿನ ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಪಕ್ಕದ ಮನೆಯವರಿಗೆ ತೊಂದರೆಯಾದೀತೆಂದು ಸೌಂಡು ಕಡಿಮೆ ಮಾಡಲು ಹೋದೆ.

"ಜಾಸ್ತಿನೇ ಇಡು. ಅವ್ರೂ ಕೇಳ್ಲಿ" ಎಂದಳು ಅಮ್ಮ.